ಇಲಿಗಳ ಸುದ್ದಿಯನ್ನು ತಂಗಿಗೆ ಹೇಳಿದ್ದು

ಮಕ್ಕಳೇ, ಅಜ್ಜಂಪುರದ ನಿಮ್ಮ ಚಿಕ್ಕಜ್ಜಿ, ಅಂದರೆ ನನ್ನ ತಂಗಿ, ಹೇಗೆ ಸತ್ತಳೆಂದು ನೀವು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗಿದ್ದೇನೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯುತ್ತೇನೆ.

ಬಾಣಂತಿಯರ ಮೊಲೆ ಬಾತುಕೊಂಡರೆ ಹಚ್ಚುವ ಸೊಪ್ಪೊಂದನ್ನು ನನ್ನ ಅತ್ತೆ ತೋರಿಸಿಕೊಟ್ಟಿದ್ದರು. ಸಿಂಗಟಗೆರೆಯ ಕೆರೆ ಏರಿಯ ಹಿಂದೆ ಬೆಳೆಯುತ್ತದೆ. ಕೊಡುವವರು ಅದರ ಹೆಸರು ಹೇಳಬಾರದು, ತೆಗೆದುಕೊಳ್ಳುವವರು ಅದರ ಬಗ್ಗೆ ಏನೂ ಕೇಳಬಾರದು. ಕೇಳಿದರೆ ಮದ್ದು ಹತ್ತುವುದಿಲ್ಲ ಎನ್ನುತ್ತಿದ್ದರು. ಕೇಳದೆ ಇರುವುದು ನನಗೇನೂ ಕಷ್ಟವಾಗಿರಲಿಲ್ಲ.

ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಆ ಸೊಪ್ಪನ್ನು ಹುಡುಕಿಕೊಂಡು ಬಂದಳು. ಹೆಸರು ಹೇಳದೆ ಗಿಡ ತೋರಿಸಿದೆ. ಒಣಗಿಸಿ, ಸಾರ ತೆಗೆದು, ಮೊಲೆಯಲ್ಲಿ ಕ್ಯಾನ್ಸರ್ ಗಂಟಿರುವ ಇಲಿಗಳಿಗೆ ಕುಡಿಸಿ ನೋಡುತ್ತಾರಂತೆ. ಮುಂದಿನ ವರ್ಷ ಬಂದವಳು, "ಅಜ್ಜಿ, ಇಲಿಗಳ ಗಂಟು ಸಣ್ಣದಾಗಿದೆ ಕಣಜ್ಜಿ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಆಗ ನನ್ನ ತಂಗಿಗೆ ಅದೇ ಕಾಯಿಲೆಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಇಂಜೆಕ್ಷನ್ ನಡೆಯುತ್ತಿತ್ತು. ಎರಡು ಆಗಿತ್ತು, ನಾಲ್ಕು ಬಾಕಿ ಇತ್ತು. ನಾನು ಅಜ್ಜಂಪುರಕ್ಕೆ ಹೋಗಿ ಇಲಿಗಳು ವಾಸಿಯಾದವೆಂದು ಹೇಳಿದೆ.

"ಹಂಗಾದ್ರೆ ನಂಗೂ ಅದ್ನೇ ಅರ್ದು ಕೊಡು ಕಣಕ್ಕಾ. ಆ ಸೂಜಿ ಸಾಕಾಗೋಯ್ತು. ಈ ಬೋಳುತಲೆ ನೋಡಿ ನಮ್ಮನೆಯವ್ರು, ನನ್ ಬಿಟ್ಟು ಒಬ್ಳೇ ಯಾವಾಗ್ಲೇ ತಿರುಪತಿಗೆ ಹೋಗ್ಬಂದೆ ಅಂತಾರೆ."

ಬೇಡವೆನ್ನಲಿಲ್ಲ. ಮೂರು ತಿಂಗಳು ಅರೆದು ಕೊಟ್ಟೆ. ಅವಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಕಂಕುಳಲ್ಲಿ ಇನ್ನೊಂದು ಗಂಟು ಎದ್ದಿತು.

ಹುಡುಗಿ ಮತ್ತೆ ಸೊಪ್ಪಿಗೆಂದು ಬಂದಾಗ ತಡೆಯಲಾರದೆ ಕೇಳಿದೆ. "ವಾಸಿಯಾದ ಇಲಿಗಳು ಈಗ ಹೆಂಗಿದಾವೆ ತಾಯಿ?"

"ಅವು ಇಲ್ಲ ಅಜ್ಜಿ. ಕಡೇ ದಿನ ಎಲ್ಲವನ್ನೂ ಸಾಯಿಸಿ, ಗಂಟು ತೆಗೆದು ತೂಕ ಮಾಡ್ತೀವಿ. ವಾಸಿಯಾದ್ವು ಅಂತ ನಾನ್ ಹೇಳ್ಲಿಲ್ವಲ್ಲ? ಕ್ಯಾನ್ಸರ್‌ಗೆ ಮನುಷ್ಯರಿಗಿನ್ನೂ ಇದನ್ನ ಕೊಟ್ಟು ನೋಡಿಲ್ಲ. ಯಾಕಜ್ಜಿ?"

ಮಾರನೆಯ ಬೆಳಿಗ್ಗೆಯೇ ಅಜ್ಜಂಪುರಕ್ಕೆ ಹೋಗಿ ತಂಗಿಗೆ ಎಲ್ಲವನ್ನೂ ತಿಳಿಸಿದೆ. ಅವಳು, "ನಿನ್ ಇಲಿಗಿಂತ ನಾನೇ ಮೇಲು ಬಿಡು, ಇನ್ನೂ ಇದೀನಿ" ಎಂದಳು. ಅವತ್ತೇ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಪರೀಕ್ಷೆ ಮಾಡಿ ಸಿಟ್ಟಾದರು. "ನಿಲ್ಲಿಸು ಅಂತ ಯಾರಮ್ಮ ಹೇಳಿದ್ದು ನಿಂಗೆ?"

"ಯಾರೂ ಇಲ್ಲ ಸಾರ್. ನಂಗೇ ಬೇಜಾರಾಗಿ ಬಿಟ್ಬಿಟ್ಟೆ."

ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ನಾನು ಕೊಟ್ಟೆ ಎನ್ನಬೇಕೆಂದು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಬೈದದ್ದನ್ನೆಲ್ಲ ಅವಳೊಬ್ಬಳೇ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಕೊಟ್ಟ ಯಾವ ಔಷಧಿಯೂ ಅವಳಿಗೆ ಹಿಡಿಯಲಿಲ್ಲ. ಯುಗಾದಿಗೆ ಇನ್ನು ಹದಿನೈದು ದಿನವಿರುವಾಗ ತೀರಿಕೊಂಡಳು.

ಅಮ್ಮನೇ ಹಟ ಮಾಡಿ ಆಸ್ಪತ್ರೆ ಬಿಟ್ಟಳೆಂದು ಅವಳ ಮಕ್ಕಳು ಇಂದಿಗೂ ನಂಬಿದ್ದಾರೆ. ನೀವು ಓದಿ ಮುಗಿಸಿದ ಮೇಲೆ ಈ ಹಾಳೆಗಳನ್ನು ಅವರ ಕೈಗೆ ಕೊಡಿ.