ಏಳನೆಯ ನಂಬರಿನ ಸ್ಟಾಪ್‌ವಾಚು

ನಿವೃತ್ತ ದೈಹಿಕ ಶಿಕ್ಷಕ ಮಡೆಪ್ಪನವರು ಬೀದರಿನ ಚಿದ್ರಿಯ ತಮ್ಮ ಮನೆಯಲ್ಲಿ ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚುಗಳನ್ನು ಕೂಡಿಟ್ಟಿದ್ದಾರೆ, ಒಟ್ಟು ಮೂವತ್ತೊಂದು. ಶಾಲೆಗಳು ಇವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದು ಅವರ ದೃಷ್ಟಿಯಲ್ಲಿ ಅಕ್ಷಮ್ಯ. ಅಂಗೈ ತುಂಬುವ ಭಾರ, ಹೆಬ್ಬೆರಳಿಗೆ ಎದುರೊತ್ತುವ ಗುಂಡಿ, ಒತ್ತಿದೊಡನೆ ಸಟ್ಟನೆ ನಿಲ್ಲುವ ಮುಳ್ಳು: ಮನುಷ್ಯ ಸುಳ್ಳಾಡಿಯಾನು, ಇವು ಆಡವು ಎಂಬುದು ಅವರ ನಂಬಿಕೆ.

ಕಳೆದ ತಿಂಗಳು ಔರಾದಿನ ಗುಜರಿ ಅಂಗಡಿಯಲ್ಲಿ ಒಂದು ಸಿಕ್ಕಿತು. ಬೆನ್ನ ಮೇಲೆ ಅವರೇ ಕೆತ್ತಿದ್ದ ಏಳು! ೧೯೮೬ರ ನವೆಂಬರಿನ ಭಾಲ್ಕಿ ತಾಲೂಕು ಕ್ರೀಡಾಕೂಟದಲ್ಲಿ ಅವರ ಕೈಯಲ್ಲಿದ್ದದ್ದು ಇದೇ. ಹಿಗ್ಗಿನಿಂದ ಮನೆಗೆ ತಂದು ಮೊಬೈಲಿನ ಗಡಿಯಾರಕ್ಕೆ ತಾಳೆ ನೋಡಿದರು. ನಿಮಿಷಕ್ಕೆ ಎರಡು ಸೆಕೆಂಡು ಮುಂದೆ. ಮೂರು ಸಲ ನೋಡಿದರೂ ಅಷ್ಟೇ.

ಆ ಕೂಟದಲ್ಲಿ ಹಲಬರ್ಗಾದ ಕೇಶರಬಾಯಿ ಎಂಬ ಹುಡುಗಿ ಎಂಟುನೂರು ಮೀಟರಿನಲ್ಲಿ ಮೊದಲು ಬಂದಿದ್ದಳು. ಜಿಲ್ಲಾ ಕೂಟಕ್ಕೆ ಹೋಗಲು ಎರಡು ನಿಮಿಷ ನಲವತ್ತು ಸೆಕೆಂಡಿನೊಳಗೆ ಓಡಬೇಕಿತ್ತು. ವಾಚು ನಲವತ್ತೆರಡು ತೋರಿಸಿತ್ತು. ಇವರು ಅವಳನ್ನು ಕಳಿಸಲಿಲ್ಲ.

ಈ ದೋಷ ಈಚಿನದಿರಬಹುದು ಎಂಬ ಆಸೆಯಿಂದ ಗಡಿಯಾರ ರಿಪೇರಿಯ ನಜಮೋದ್ದೀನನ ಬಳಿ ಹೋದರು. ರಿಪೇರಿಯವರು ಮುಚ್ಚಳದ ಒಳಬದಿಗೆ ತಾರೀಖು ಗೀರುವುದು ರೂಢಿ.

"ನಮ್ಮ ಅಬ್ಬಾನ ಅಕ್ಷರ ಅದರಿ. ಎಂಬತ್ತಾರರ ಆಗಸ್ಟ್. ಆಮ್ಯಾಲ ಯಾರೂ ಬಿಚ್ಚಿಲ್ಲ. ವೇಗ ತಿದ್ದೋ ಕಡ್ಡಿ ಪೂರಾ ಮುಂದಕ್ಕ ತಳ್ಳ್ಯಾರ," ಎಂದ ನಜಮೋದ್ದೀನ, ಮುಚ್ಚಳ ತೆಗೆದು ನೋಡಿ. "ಅಬ್ಬಾ ತಪ್ಪಿದ್ರು, ಖರೆ. ನೀವು ತಾಳೆ ನೋಡದೇ ಮೈದಾನಕ್ಕ ಒಯ್ದ್ರೇನ್ರಿ, ಸರ?"

"ರಿಪೇರಿ ಆಗಿ ಬಂದದ ಅಂತ..." ಎನ್ನುತ್ತ ಮಡೆಪ್ಪನವರು ಮನಸ್ಸಿನಲ್ಲೇ ಸೆಕೆಂಡುಗಳನ್ನು ಕೂಡಿ ಕಳೆದರು. ಲೆಕ್ಕ ತಿದ್ದಿದರೆ ಅವಳು ಓಡಿದ್ದು ಎರಡು ನಿಮಿಷ ಮೂವತ್ತೇಳು ಸೆಕೆಂಡಿಗೂ ಕಡಿಮೆ.

ಮರುದಿನವೇ ಹಲಬರ್ಗಾಕ್ಕೆ ಹೋದರು. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ಕೇಶರಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು. ಇವರು ಕೂಡದೆ, ನಿಂತೇ ಎಲ್ಲವನ್ನೂ ಹೇಳಿದರು.

"ಹಂಗಾರ ನಾ ಜಿಲ್ಲಾಕ್ಕ ಹೋಗಬೇಕಿತ್ತೇನ್ರಿ?"

"ಹೋಗಬೇಕಿತ್ತು, ತಂಗಿ."

"ನೀವು ಅವತ್ತ ಎಲ್ಲಾರ ಮುಂದ 'ಎಮ್ಮಿ ಹಂಗ ಓಡ್ತಿ' ಅಂದ್ರಿ. ಆಮ್ಯಾಲ ನಾ ಓಡಿದ್ದೇ ಇಲ್ರಿ, ಸರ."

ಮಡೆಪ್ಪನವರಿಗೆ ಸೆಕೆಂಡುಗಳೆಲ್ಲ ನೆನಪಿದ್ದವು, ಆ ಮಾತು ಮಾತ್ರ ಇರಲಿಲ್ಲ.

"ಬರದ ಕೊಡ್ರಿ. ಬಾಯಿಲೆ ಹೇಳಿದ್ರ ನಮ್ಮ ಸೊಸಿ ನಂಬಂಗಿಲ್ಲ."

ತಾರೀಖು, ದೂರ, ತಪ್ಪು ಸಮಯ, ತಿದ್ದಿದ ಸಮಯ ಎಲ್ಲವನ್ನೂ ಬರೆದು ಸಹಿ ಹಾಕಿದರು. ಅವಳು ಬೆರಳಿಟ್ಟು ಓದಿ, ಕಾಗದವನ್ನು ಹಿಂದಕ್ಕೆ ಚಾಚಿದಳು.

"ಎಮ್ಮಿ ಅಂದದ್ದೂ ಬರೀರಿ."

ಅದನ್ನೂ ಬರೆದು, ಅದರ ಕೆಳಗೆ ಮತ್ತೊಮ್ಮೆ ಸಹಿ ಹಾಕಿದರು.