ಫಾಯಿಜಾ ಸಾರಿ ಕೇಳಿದ್ದು

ಫಾಯಿಜಾಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಪುನೀತನನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಆದ್ದರಿಂದ ನಾನಿದನ್ನು ಪಕ್ಷಪಾತವಿಲ್ಲದೆ ಹೇಳುತ್ತೇನೆ ಎಂದು ಯಾರೂ ನಂಬಬೇಕಾಗಿಲ್ಲ.

ಜಕ್ಕೂರಿನ ಒಂದು ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ಪ್ರತಿ ತಿಂಗಳ ಮೂರನೆಯ ಶನಿವಾರ ಮಧ್ಯಾಹ್ನ ನಾವು ಸೇರುತ್ತೇವೆ. ನಾವೆಂದರೆ ಈ ಕಡೆ ವೆಬ್‌ಸೈಟ್ ಮಾಡಿ ಹೊಟ್ಟೆ ಹೊರೆಯುವವರು. ಹೆಬ್ಬಾಳ, ಯಲಹಂಕ, ಯಶವಂತಪುರದಿಂದ ಬರುತ್ತಾರೆ. ದೊಡ್ಡ ಕಂಪನಿಯವರು ಅಪರೂಪ. ಹಲ್ಲಿನ ಕ್ಲಿನಿಕ್ಕು, ಕಲ್ಯಾಣ ಮಂಟಪ, ಪ್ಲೇ ಸ್ಕೂಲು ಇಂಥವುಗಳಿಗೆ ಪುಟ ಕಟ್ಟಿಕೊಡುವ ನನ್ನಂಥವರೇ ಹೆಚ್ಚು. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂರುತ್ತೇವೆ. ಫ್ಲೈಯಿಂಗ್ ಕ್ಲಬ್ಬಿನ ವಿಮಾನ ತಲೆಯ ಮೇಲೆ ಹಾದರೆ ಮಾತು ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುತ್ತೇವೆ.

ಈ ಮೀಟಪ್ ಶುರುಮಾಡಿದವರು ನಾಲ್ವರು. ಮೂವರು ಬೇಸತ್ತು ಬಿಟ್ಟರು, ಬಾಗಲಗುಂಟೆಯ ಪುನೀತ ಉಳಿದ. ಹಾಳೂರಿಗೆ ಉಳಿದವನೇ ಗೌಡ. ಅವನನ್ನು ಯಾರೂ ಆರಿಸಿರಲಿಲ್ಲ, ಇಳಿಸುವ ಧೈರ್ಯವೂ ಯಾರಿಗೂ ಇರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಪ್ರತಿ ತಿಂಗಳು ಒಬ್ಬರ ಕೆಲಸವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಕುತ್ತಾರೆ. ಮಾಡಿದವರು ಮುಂದಿನ ಕುರ್ಚಿಯಲ್ಲಿ ಕೂರಬೇಕು. ಉಳಿದವರೆಲ್ಲ ಹೇಳಿ ಮುಗಿಸುವವರೆಗೆ ಅವರು ತುಟಿ ಬಿಚ್ಚುವಂತಿಲ್ಲ. ನಿಜ ಹೇಳಬೇಕೆಂದರೆ ಪದ್ಧತಿ ಕೆಟ್ಟದ್ದಲ್ಲ. ನಿಮ್ಮ ಪುಟವನ್ನು ನೋಡುವ ಗಿರಾಕಿಯ ಪಕ್ಕದಲ್ಲಿ ಕೂತು ನೀವು ವಿವರಣೆ ಕೊಡಲಾಗುವುದಿಲ್ಲ, ಪುಟವೇ ಮಾತಾಡಬೇಕು. ಆದರೆ ಒಳ್ಳೆಯ ಚಾಕು ಕೆಟ್ಟವನ ಕೈಗೆ ಸಿಕ್ಕಿತ್ತು. ಪುನೀತ ಮಾತಿಗೆ ನಿಂತರೆ ಬೇರೆಯವರಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ನನ್ನ ಪುಟವನ್ನು ಅವನು ರೇಷನ್ ಕಾರ್ಡಿಗೆ ಹೋಲಿಸಿದ್ದ. ಆ ದಿನ ಮನೆಗೆ ಹೋಗಿ ನಾನು ಕುಕ್ಕಿದ ಪಾತ್ರೆಗಳ ಸದ್ದಿಗೆ ಕೆಳಮನೆಯವರು ಮೇಲೆ ಬಂದಿದ್ದರು. ಇನ್ನೊಂದು ಮಾತು, ಪ್ರೊಜೆಕ್ಟರಿಗೆ ಅವನ ಲ್ಯಾಪ್‌ಟಾಪ್ ಬಿಟ್ಟರೆ ಬೇರೆಯವರದನ್ನು ಸೋಕಿಸಲೂ ಬಿಡುತ್ತಿರಲಿಲ್ಲ.

ಇಂಥ ಜಾಗಕ್ಕೆ ಫಾಯಿಜಾ ಬಂದಳು. ತಣಿಸಂದ್ರದವಳು, ಬಿ.ಕಾಂ. ಮುಗಿಸಿ ಭಾವ ಮೊಹಮ್ಮದ್ ಅವರ ಅಂಗಡಿಯಲ್ಲಿ ಕೂರುತ್ತಿದ್ದಳು. ಜೆರಾಕ್ಸು, ರೀಚಾರ್ಜು, ಆನ್‌ಲೈನ್ ಅರ್ಜಿ ತುಂಬಿಸುವ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ ನೋಡಿ ವೆಬ್‌ಸೈಟ್ ಕಟ್ಟುವುದನ್ನು ಕಲಿತಿದ್ದಳು. ಮೂಗಿನ ತುದಿಯಲ್ಲೇ ಕೋಪ. ನಮ್ಮ ಪೈಕಿ ಒಬ್ಬ "ಉರ್ದು ಮೀಡಿಯಮ್ಮಾ?" ಎಂದು ಕೇಳಿದ್ದಕ್ಕೆ, "ನಿಮ್ದು ಯಾವ ಮೀಡಿಯಂ, ಇಷ್ಟು ಚೆನ್ನಾಗಿ ಊಹೆ ಮಾಡೋದು ಕಲಿಸಿದಾರಲ್ಲ?" ಎಂದವಳು. ಅವಳು ಓದಿದ್ದು ನಾಗವಾರದ ಕನ್ನಡ ಶಾಲೆಯಲ್ಲಿ. ನನಗೂ ಒಮ್ಮೆ, "ಅಕ್ಕ, ನಿಮ್ಮ ಬಣ್ಣಗಳು ಮಾತ್ರ ಬೇಡ, ಉಳಿದಿದ್ದೆಲ್ಲ ಹೇಳ್ಕೊಡಿ" ಎಂದಿದ್ದಳು. ಅಷ್ಟಕ್ಕಷ್ಟೇ ಎಂದೆನಲ್ಲ, ಅದಕ್ಕೇ.

ಆದರೆ ಅವಳ ಅವಸರ ನನಗೆ ಅರ್ಥವಾಗುತ್ತಿತ್ತು. ಭಾವ ಇನ್ನೊಂದು ಅಂಗಡಿ ಹಿಡಿದಿದ್ದರು. ರಂಜಾನ್ ಕಳೆದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಅವಳೇ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಷ್ಟರೊಳಗೆ ಎಲ್ಲಾದರೂ ಕೆಲಸ ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಈ ಕಲಿಕೆಯೆಲ್ಲ ಅಲ್ಲಿಗೆ ಮುಗಿಯಿತು.

ಮೊದಲ ಸಲ ಅವಳು ಕುರ್ಚಿಯಲ್ಲಿ ಕೂತಾಗ ಗೋಡೆಯ ಮೇಲೆ ಬಂದದ್ದು ಅವಳ ಚಿಕ್ಕಮ್ಮ ಜಬೀನ್ ಅವರ ಅಡುಗೆ ಕಾಂಟ್ರ್ಯಾಕ್ಟಿನ ಪುಟ. ಮದುವೆಗೆ, ಮದುವೆಯ ನಂತರದ ವಲೀಮಾ ಔತಣಕ್ಕೆ ಊಟ ಮಾಡಿಕೊಡುವವರು ಅವರು. ಪುಟ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಇತ್ತು. ಇಂಗ್ಲಿಷ್ ನೆಟ್ಟಗಿತ್ತು. ಕನ್ನಡದ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಿದ್ದವು, ಉರ್ದು ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು. ಹಿಟ್ಟಿನ ಬಣ್ಣದ ಮೇಲೆ ಹಳದಿ ಅಕ್ಷರ ಬೇರೆ.

"ನೋಡಮ್ಮ, ಇದು ಮೆನುನಾ, ಆಕ್ಸಿಡೆಂಟಾ?" ಎಂದ ಪುನೀತ. ಎಲ್ಲರೂ ನಕ್ಕರು. "ಈ ಉರ್ದು ಯಾರಿಗೆ? ತೆಗೆದ್ಬಿಡು, ಅರ್ಧ ತಲೆನೋವು ಹೋಗತ್ತೆ." ಅರ್ಧ ಗಂಟೆ ಹೀಗೇ ನಡೆಯಿತು. ಫಾಯಿಜಾ ತುಟಿ ಕಚ್ಚಿಕೊಂಡು ಕೂತಿದ್ದಳು. ಕೊನೆಗೆ ಮಾತಾಡಲು ಬಿಟ್ಟಾಗ, "ಉರ್ದು ತೆಗೆಯಲ್ಲ. ಉಳಿದಿದ್ದು ಸರಿ ಮಾಡ್ಕೊಂಡು ಬರ್ತೀನಿ. ಮುಂದಿನ ತಿಂಗ್ಳೂ ನಂದೇ ಹಾಕಿ" ಎಂದಳು.

ಸರಿ ಮಾಡಿದಳು. ನನಗೆ ಕಳಿಸಿದಳು, ನಾನು ಫೋನಿನಲ್ಲಿ ನೋಡಿದೆ. ಸಾಲುಗಳಿಗೆ ಉಸಿರಾಡಲು ಜಾಗ ಸಿಕ್ಕಿತ್ತು. 'ಹಬ್ಬದೂಟ'ದ ಬಕಾರದ ಒತ್ತು ಪೂರ್ತಿ ಕಾಣುತ್ತಿತ್ತು. ಉರ್ದು ಬಲದಿಂದ ಎಡಕ್ಕೆ ನೀರಿನಂತೆ ಹರಿಯುತ್ತಿತ್ತು. ಆ ಅಕ್ಷರ ನನಗೆ ಓದಲು ಬರುವುದಿಲ್ಲ, ಆದರೂ ಸುಮ್ಮನೆ ನೋಡುತ್ತ ಕೂತೆ. ಹೊಟ್ಟೆಕಿಚ್ಚೂ ಆಯಿತು.

ಮುಂದಿನ ತಿಂಗಳ ಸಭೆಗೆ ಭಾಗ್ಯಶ್ರೀ ಎನ್ನುವವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಯಲಹಂಕದಲ್ಲಿ ಅವರದೊಂದು ಸಣ್ಣ ಕಂಪನಿ. ಹಲವು ಭಾಷೆಗಳ ಪುಟ ಮಾಡಬಲ್ಲವರು ಬೇಕಾಗಿದ್ದಾರೆ, ಅದಕ್ಕೇ ಫಾಯಿಜಾಳ ಕೆಲಸ ನೋಡಲು ಬಂದೆ ಎಂದು ಅವರೇ ಹೇಳಿದರು. ಫಾಯಿಜಾ ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದು ಬಂದಿದ್ದಳು.

ಪುನೀತ ತನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದ. ಗೋಡೆಯ ಮೇಲೆ ಅದೇ ಹಳದಿ ಅಕ್ಷರ, ಅದೇ ಕಾಲು ಮುರಿದ ಒತ್ತಕ್ಷರ.

ಇದರ ಗುಟ್ಟು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಒಮ್ಮೆ ನೋಡಿದ ಪುಟದ ಬಣ್ಣ, ಅಳತೆಗಳ ಫೈಲನ್ನು ಬ್ರೌಸರು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಮತ್ತೆ ತೆರೆದರೆ ಹೊಸದನ್ನು ತರಿಸದೆ, ಇಟ್ಟುಕೊಂಡ ಹಳೆಯದನ್ನೇ ಬಡಿಸುತ್ತದೆ. ಹೋದ ತಿಂಗಳು ತೆರೆದದ್ದೂ ಅದೇ ಲ್ಯಾಪ್‌ಟಾಪು. ಫಾಯಿಜಾ ಕೈ ಎತ್ತಿದಳು.

"ಅಮ್ಮಾ, ರೂಲ್ಸು," ಎಂದ ಪುನೀತ, ಅವಳತ್ತ ನೋಡದೆ.

"ಪುನೀತ್, ಅದು..." ಎಂದು ನಾನು ಎದ್ದೆ.

"ಶಶಿರೇಖಾ ಅವ್ರೇ, ನಿಮ್ಮ ಸರದಿ ಆಮೇಲೆ."

ಕೈ ಇಳಿಯಿತು, ನಾನೂ ಕೂತೆ. ಆಮೇಲೆ ನಡೆದದ್ದು ವಿಮರ್ಶೆಯಲ್ಲ, ಬಡಿದಾಟ. "ಒಂದು ತಿಂಗ್ಳಲ್ಲಿ ಒಂದು ಅಕ್ಷರ ಮುಟ್ಟಿಲ್ಲ. ನಾವೇನು ಇಲ್ಲಿ ಬಿಟ್ಟಿ ಕೂತಿದೀವಾ? ಕಲಿಯೋ ಆಸೆ ಇಲ್ದೋರಿಗೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ." ಭಾಗ್ಯಶ್ರೀ ಅವರ ಕಡೆ ತಿರುಗಿ, "ಮೇಡಂ, ನೀವೇ ನೋಡ್ತಿದೀರಲ್ಲ" ಎಂದ. ಅವರು ಗಡಿಯಾರ ನೋಡಿಕೊಂಡರು. ಅವನ ಬೆಂಬಲಿಗರು ಒಬ್ಬೊಬ್ಬರಾಗಿ ಒಂದೊಂದು ಕಲ್ಲು ಎಸೆದರು. ಮಧ್ಯೆ ವಿಮಾನ ಹೋದಾಗಲಾದರೂ ಅವನ ಬಾಯಿ ನಿಂತಿತಲ್ಲ ಎಂದು ನನಗೆ ಸಮಾಧಾನವಾಯಿತು.

"ಈಗ ಮಾತಾಡಮ್ಮ," ಎಂದ ಕೊನೆಗೆ.

ಫಾಯಿಜಾ ಎದ್ದು ನಿಂತಳು. "ಎಲ್ರೂ ನಿಮ್ಮ ನಿಮ್ಮ ಫೋನಲ್ಲಿ ತೆಗೀರಿ."

ಫೋನುಗಳು ಹೊರಬಂದವು. ಒಬ್ಬ ಗೋಡೆ ನೋಡಿದ, ಫೋನು ನೋಡಿದ, ಮತ್ತೆ ಗೋಡೆ ನೋಡಿದ. ಭಾಗ್ಯಶ್ರೀ ಅವರು ಕನ್ನಡಕ ಹಾಕಿಕೊಂಡು ಬೆರಳಿನಿಂದ ಪುಟವನ್ನು ಮೇಲೆ ಕೆಳಗೆ ಸರಿಸಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಪುನೀತನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಈ ಸುಖಕ್ಕಾಗಿಯೇ ನಾನು ಇಷ್ಟು ವರ್ಷ ಬರುತ್ತಿದ್ದೆನೋ ಏನೋ.

ಆದರೆ ಅವನು ಮೂರ್ಖನಲ್ಲ. "ಹಂಗಾದ್ರೆ ತಪ್ಪು ಇನ್ನೂ ದೊಡ್ಡದು," ಎಂದ. "ಫೈಲ್ ಬದಲಾಯಿಸಿದಾಗ ಹೆಸರೂ ಬದಲಾಯಿಸ್ಬೇಕು. ಆಗ ತಾನೇ ಬ್ರೌಸರ್ ಹೊಸದು ತರ್ಸೋದು? ನಾಳೆ ನಿನ್ ಚಿಕ್ಕಮ್ಮನ ಹಳೇ ಗಿರಾಕಿಗೂ ಹಿಂಗೇ ಕಾಣತ್ತೆ. ಅವ್ರಿಗೂ ಫೋನ್ ಬದಲಾಯ್ಸಿ ಅಂತೀಯಾ?"

ಅವನು ಹೇಳಿದ್ದು ಸರಿ. ಹಾಳಾದವನು, ಸರಿಯಾದದ್ದನ್ನೇ ಹೇಳಿದ.

"ಹೌದು, ಅದು ನನ್ನ ತಪ್ಪು," ಎಂದಳು ಫಾಯಿಜಾ. "ಇಷ್ಟೊತ್ತು ಅಷ್ಟೆಲ್ಲ ಬೈದ್ರಲ್ಲ, ಅದ್ರಲ್ಲಿ ಇದೊಂದು ಯಾಕೆ ಬರ್ಲಿಲ್ಲ? ಹಳೇ ಪುಟ ಅಂತ ನಿಮಗೇ ಯಾಕೆ ಹೊಳೀಲಿಲ್ಲ?" ಅಲ್ಲಿಗೆ ನಿಲ್ಲಿಸಬಹುದಿತ್ತು, ಅವಳು ನಿಲ್ಲಿಸಲಿಲ್ಲ. "ಎಲ್ಲರ ಬಾಯಿ ಮುಚ್ಸಿ ಒಬ್ರೇ ಮಾತಾಡ್ತೀರಲ್ಲ, ನಿಮ್ಮ ಸೈಟು ಯಾವತ್ತಾದ್ರೂ ಈ ಗೋಡೆ ಮೇಲೆ ಬಂದಿದ್ಯಾ? ಈ ಕುರ್ಚೀಲಿ ಒಂದಿನ ಕೂತಿದೀರಾ? ಭಯಾನಾ?"

ಪುನೀತ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿ, "ಟೀ ಬ್ರೇಕ್" ಎಂದ.

ಟೀ ಕೊಡುವುದು ಮೆಟ್ಟಿಲ ಬಳಿ. ಭಾಗ್ಯಶ್ರೀ ಅವರು ಫಾಯಿಜಾಳನ್ನು ಅಲ್ಲಿ ಪಕ್ಕಕ್ಕೆ ಕರೆದರು. ನಾನು ಲೋಟ ಹಿಡಿದು ಕಿವಿ ಅಲ್ಲೇ ಇಟ್ಟೆ.

"ಕೆಲಸ ಚೆನ್ನಾಗಿದೆ. ಅನುಮಾನವೇ ಇಲ್ಲ," ಎಂದರು ಅವರು. "ಆದ್ರೆ ಪುನೀತ್ ನಮಗೂ ಆಗಾಗ ಕೆಲಸ ಮಾಡ್ಕೊಡ್ತಾರೆ. ನೀವಿಬ್ರೂ ಒಂದೇ ಪ್ರಾಜೆಕ್ಟಲ್ಲಿ ಇರ್ಬೇಕಾಗತ್ತೆ. ಹೀಗೆ ಬಾಯಿ ಜೋರು ಮಾಡಿದ್ರೆ ಹೆಂಗೆ ಹೇಳಿ? ಒಂದ್ಸಲ ಸಾರಿ ಕೇಳ್ಬಿಡಿ, ಎಲ್ಲರ ಮುಂದೆನೇ. ಸೋಮವಾರದಿಂದ ಬನ್ನಿ."

"ಅವ್ರೂ ನಂಗೆ ಕೇಳ್ತಾರಾ ಮೇಡಂ?"

"ಅವ್ರು ಸ್ವಲ್ಪ ಸ್ಟ್ರೈಟ್ ಫಾರ್ವರ್ಡ್ ಅಷ್ಟೇ. ಮನಸ್ಸಲ್ಲಿ ಏನೂ ಇರಲ್ಲ."

ನನಗೆ ಟೀ ಲೋಟವನ್ನು ಮೆಟ್ಟಿಲಿಂದ ಕೆಳಗೆ ಎಸೆಯಬೇಕೆನಿಸಿತು. ಅವನು ಮೂವತ್ತು ಜನರೆದುರು ಅವಳನ್ನು ಕೋಣ ಎಂದರೆ ನೇರ ನುಡಿ. ಅವಳು ಕುರ್ಚಿಯಲ್ಲಿ ಕೂತಿದೀರಾ ಎಂದು ಕೇಳಿದರೆ ಬಾಯಿ ಜೋರು. "ಕೇಳ್ಬೇಡ ಕಣೇ," ಎಂದೆ, ಭಾಗ್ಯಶ್ರೀ ಅವರು ಒಳಗೆ ಹೋದ ಮೇಲೆ.

"ನೀವು ಬಂದು ಭಾವನ ಅಂಗ್ಡೀಲಿ ಕೂರ್ತೀರಾ ಅಕ್ಕ?" ಎಂದಳು. ಅವಳು ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಒಳಗೆ ಹೋದಳು.

ಪುನೀತನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಕೈಕಟ್ಟಿ, ದೊಡ್ಡ ಮನಸ್ಸಿನ ನಗು ಹೊತ್ತು ನಿಂತಿದ್ದ. ಕ್ಷಮಿಸಲು ಸಿದ್ಧನಾಗಿ ನಿಂತವನ ಮುಖದಷ್ಟು ಅಸಹ್ಯ ಇನ್ನೊಂದಿಲ್ಲ. ಫಾಯಿಜಾ ನೇರವಾಗಿ ಅವನೆದುರು ಹೋಗಿ ನಿಂತಳು.

"ಪುನೀತ್, ಸಾರಿ," ಎಂದಳು, ಹಿಂದಿನ ಬೆಂಚಿಗೂ ಕೇಳುವಂತೆ. "ಗೋಡೆ ಮೇಲಿರೋದು ಹಳೇ ಪುಟ ಅಂತ ನಂಗೆ ನೋಡಿದ ತಕ್ಷಣ ಗೊತ್ತಾಯ್ತು. ಎಲ್ಲರ ಮುಂದೆ ಅಷ್ಟೊತ್ತು ನಿಮ್ಮನ್ನ ಹಾಗೆ ಮಾತಾಡೋಕೆ ಬಿಡಬಾರದಿತ್ತು."

ಮೊದಲು ಯಾರೋ ಕೆಮ್ಮಿದರು. ಆಮೇಲೆ ಮುಂದಿನ ಬೆಂಚಿನವರು ತಲೆ ತಗ್ಗಿಸಿದರು, ಅವರ ಭುಜಗಳು ಕುಲುಕುತ್ತಿದ್ದವು. ಪುನೀತ ಕಟ್ಟಿದ್ದ ಕೈ ಬಿಚ್ಚಿದ. ಕೇಳಿದ್ದು ಸಾರಿಯೇ. ಅದಕ್ಕೆ ಸಿಟ್ಟಾಗುವುದು ಹೇಗೆ?

"ಪರವಾಗಿಲ್ಲ," ಎಂದ.

ಫಾಯಿಜಾ ಭಾಗ್ಯಶ್ರೀ ಅವರ ಕಡೆ ತಿರುಗಿದಳು. ಅವಳ ದನಿಯಲ್ಲಿ ವಿನಯ ಬಿಟ್ಟರೆ ಬೇರೇನೂ ಇರಲಿಲ್ಲ.

"ಕೇಳಿದೀನಿ ಮೇಡಂ. ಸೋಮವಾರ ಎಷ್ಟೊತ್ತಿಗೆ ಬರ್ಲಿ?"

ಭಾಗ್ಯಶ್ರೀ ಅವರು ಪುನೀತನ ಮುಖ ನೋಡಿದರು, ಅವಳ ಮುಖ ನೋಡಿದರು. "ಒಂಬತ್ತೂವರೆಗೆ ಬನ್ನಿ," ಎಂದರು.