ತಳ್ಳುಗಾಡಿಯ ಎದುರು ವಾಯೋಲಾಳ ಬುಟ್ಟಿ

ಸಿಡ್ನಿಯಿಂದ ಸಮೋವಾದ ಆಪಿಯಾಕ್ಕೆ ಹಾರುವ ಆ ಅಗ್ಗದ ವಿಮಾನದಲ್ಲಿ ಟಿಕೆಟ್ ಒಂದೇ ಅಗ್ಗ. ಬಾಯಾರಿತು ಅಂದಿರೋ, ಕೆಟ್ಟಿರಿ. ಕಾಗದದ ಲೋಟದ ಚಹಾಕ್ಕೆ ಐದು ಡಾಲರ್, ಅರ್ಧಕ್ಕರ್ಧ ಗಾಳಿಯೇ ತುಂಬಿದ ಚಿಪ್ಸ್ ಪೊಟ್ಟಣಕ್ಕೆ ಆರು. ಮೂಗಿಗಿಂತ ಮೂಗುತಿ ಭಾರ. ಸಿಡ್ನಿಯ ಮೌಂಟ್ ಡ್ರುಯಿಟ್ ಬಡಾವಣೆಯ ನಮ್ಮ ಸಮೋವಾ ಜನ ಇದನ್ನು ಗೊಣಗುತ್ತಲೇ ನುಂಗಿಕೊಂಡು ಬಂದವರು. ನುಂಗದೆ ಹೋದವಳು ವಾಯೋಲಾ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಅವಳದು. ದಪ್ಪ ತೋಳು, ಅದಕ್ಕೆ ತಕ್ಕ ಗಂಟಲು. ಚರ್ಚಿನಲ್ಲಿ ಅವಳು ಹಾಡತೊಡಗಿದರೆ ಪಕ್ಕದವರು ಸುಮ್ಮನೆ ಬಾಯಿ ಆಡಿಸಿದರೂ ಸಾಕು. ಗಂಡ ಇಲ್ಲ, ಮಕ್ಕಳು ಅವರವರ ಪಾಡಿಗೆ. ವರ್ಷವೆಲ್ಲ ದುಡಿದು ಕ್ರಿಸ್‌ಮಸ್‌ಗೆ ಸವಾಯಿ ದ್ವೀಪದ ತಾಯಿಮನೆಗೆ ಹೋಗಿಬರುವುದೊಂದೇ ಅವಳ ಸುಖ.

ಮದುವೆಯಾಗಿ ಸಿಡ್ನಿಗೆ ಬಂದಾಗ ಹತ್ತಿದ್ದ ವಿಮಾನದಲ್ಲಿ ಕೂತಲ್ಲಿಗೇ ಊಟ ಕೊಟ್ಟಿದ್ದರು. ಹಾಗಾಗಿ ಈ ಅಗ್ಗದ ವಿಮಾನದಲ್ಲಿ ಮೊದಲ ಸಲ ತಳ್ಳುಗಾಡಿ ಬಂದು ನಿಂತಾಗ ಅವಳಿಗೆ ಅನುಮಾನವೇ ಬರಲಿಲ್ಲ. ಗಾಡಿ ತಳ್ಳುವ ಹುಡುಗಿ ಬಗ್ಗಿ, ನಕ್ಕು, ಏನು ಬೇಕು ಅಂತ ಕೇಳಿದ ಚೆಂದ ನೋಡಿ ಕರಗಿಹೋದಳು. ಮನೆಯವರು ತಂದಿಟ್ಟದ್ದನ್ನು ಬೇಡ ಅನ್ನುವುದು ನಮ್ಮಲ್ಲಿ ಅವಮಾನ. ಪಕ್ಕದವರನ್ನು ಬಿಟ್ಟು ಒಬ್ಬಳೇ ತಿನ್ನುವುದು ಅದಕ್ಕಿಂತ ದೊಡ್ಡ ಅವಮಾನ. ವಾಯೋಲಾ ತಾನೂ ತೆಗೆದುಕೊಂಡಳು, ತನ್ನ ಸಾಲಿಗೂ ಕೊಡಿಸಿದಳು, ಹಿಂದಿನ ಸಾಲಿಗೂ ದಾಟಿಸಿದಳು. ಆಮೇಲೆ ಎದ್ದು ನಿಂತು ಉಣಿಸಿದವರ ಹೆಸರಲ್ಲಿ ದೇವರಿಗೆ ಸ್ತೋತ್ರ ಹೇಳಿದಳು. ಎಲ್ಲರೂ ಕಣ್ಣು ಮುಚ್ಚಿ ಆಮೆನ್ ಅಂದರು. ಕಣ್ಣು ತೆರೆದಾಗ ಮೂಗಿನೆದುರಿಗೆ ಬಿಲ್ಲಿನ ಚೀಟಿಯಿತ್ತು.

ಕೊಟ್ಟಳು. ತಾಯಿಗೆಂದು ಲಕೋಟೆಯಲ್ಲಿಟ್ಟಿದ್ದ ಹಣವೇ ಹೋಯಿತು. ಬರಿಗೈಯಲ್ಲಿ ತವರಿನ ಹೊಸ್ತಿಲು ತುಳಿದು, ಮುಖ ಎತ್ತಲಾರದೆ ಕೂತಳು. ಅವಳ ತಾಯಿ, ಮುದುಕಿ ಫುಆತಿನೊ, ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಳು.

"ಅಯ್ಯೋ ದಡ್ಡಿ! ಮೋಡದ ಮೇಲೂ ಅಂಗಡಿ ಇಟ್ಟವ್ರಾ? ಮುಂದಿನ ಸಲ ನೀನೇ ಮಾಡ್ಕೊಂಡು ಹೋಗು, ನೀನೇ ಬಡಿಸು. ನಿನ್ನ ಕಣ್ಮುಂದೆ ಯಾರೂ ಹಸ್ಕೊಂಡು ಕೂರ್ಬಾರ್ದು. ಸಾಲದೆ ಬಂದ್ರೆ ನಂಗೆ ಇಟ್ಟಿದ್ದನ್ನೇ ಕೊಟ್ಬಿಡು."

ಅಂದಿನಿಂದ ವಾಯೋಲಾಳ ಬುಟ್ಟಿ ಶುರುವಾಯಿತು. ಬಾಳೆಹಣ್ಣು ಕಿವುಚಿ ಹಿಟ್ಟಿಗೆ ಕಲಸಿ ಎಣ್ಣೆಯಲ್ಲಿ ಕರಿದ ಪಾನಿಕೇಕೆ, ಬುಟ್ಟಿ ತುಂಬ. ಕೂತವರ ಮುಂದೆ ನೆಟ್ಟಗೆ ನಡೆಯುವುದು ನಮ್ಮಲ್ಲಿ ಸಲ್ಲದು. ಹಾಗಾಗಿ ವಿಮಾನದ ಆ ಇಕ್ಕಟ್ಟು ದಾರಿಯಲ್ಲೂ ಸೊಂಟ ಬಗ್ಗಿಸಿ "ತುಲೋ, ತುಲೋ" ಎಂದು ಕ್ಷಮೆ ಕೇಳುತ್ತಲೇ ಹಂಚುತ್ತ ಹೋಗುತ್ತಿದ್ದಳು. ಹಿಂದಿನಿಂದ ಬಂದ ಗಾಡಿಯನ್ನು ಕೇಳುವವರಿರಲಿಲ್ಲ. ಇದು ಕಂಪನಿಗೆ ಎಷ್ಟು ದಿನ ಹಿಡಿಸೀತು? ಹೊರಗಿನ ತಿಂಡಿ ಹಂಚಕೂಡದು ಎಂಬ ಹೊಸ ನಿಯಮ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಈ ಸಲ ಕ್ರಿಸ್‌ಮಸ್‌ಗೆ ಕಾಯುವ ಹಾಗಿರಲಿಲ್ಲ. "ಅವ್ವ ಊಟ ಬಿಟ್ಟಿದ್ದಾಳೆ. ನಿನ್ನ ಕೈಯ ಪಾನಿಕೇಕೆ ಬೇಕಂತೆ, ಬೇಗ ಬಾ" ಎಂದು ತಮ್ಮ ಫೋನ್ ಮಾಡಿದ್ದ. ವಾಯೋಲಾ ಅತ್ತಳು, ಅಳುತ್ತಲೇ ಹಿಟ್ಟು ಕಲಸಿದಳು. ಒಂದಿಷ್ಟನ್ನು ತಾಯಿಗೆಂದು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿಟ್ಟಳು. ನಾದಿನಿ ಸುಲು ಜೊತೆಗೆ ಹೊರಟಳು.

ವಿಮಾನದ ಬಾಗಿಲು ಹಾಕಿದರು, ವಿಮಾನ ಮಾತ್ರ ಅಲುಗಲಿಲ್ಲ. ಯಂತ್ರದಲ್ಲಿ ಏನೋ ನೋಡಬೇಕಂತೆ. ಒಳಗೆ ಬೇಯುವ ಸೆಕೆ. ಹಿಂದಿನ ಸೀಟಿನ ಮಗು ಹಸಿವಿಗೆ ರಚ್ಚೆ ಹಿಡಿಯಿತು. ಅದರ ತಾಯಿ ಬೆಲೆಪಟ್ಟಿ ತೆರೆದಳು, ಮಡಚಿದಳು, ಮತ್ತೆ ತೆರೆದಳು. ವಾಯೋಲಾಳ ಕೈ ಬುಟ್ಟಿಯ ಮೇಲೆ ಹೋಯಿತು.

ಸಿಬ್ಬಂದಿಯ ಮುಖ್ಯಸ್ಥ ಡಂಕನ್ ಅದನ್ನೇ ಕಾಯುತ್ತಿದ್ದ. "ಮೇಡಮ್, ನಿಮ್ಮ ವಿಷ್ಯ ನಂಗೊತ್ತು. ಹಂಚಿದ್ರೆ ಬಾಗಿಲು ತೆಗ್ಸಿ ಕೆಳಗಿಳಿಸ್ಬೇಕಾಗುತ್ತೆ. ಮತ್ತೆ ನಮ್ಮ ವಿಮಾನ ಹತ್ತೋಕೂ ಬಿಡಲ್ಲ."

ಸುಲು ಮೊಣಕೈಯಿಂದ ತಿವಿದಳು. "ಅತ್ತಿಗೆ, ಕೈ ಮುಗೀತೀನಿ, ಸುಮ್ನಿರು. ಅವ್ವ ಅಲ್ಲಿ ಜೀವ ಹಿಡ್ಕೊಂಡು ಕೂತಿದ್ದಾಳೆ."

ಇಳಿಸಿದರೆ ತಾಯಿ ಸಿಗುವುದಿಲ್ಲ, ಅದು ವಾಯೋಲಾಳಿಗೂ ಗೊತ್ತು. ಬುಟ್ಟಿಯನ್ನು ಕಾಲ ಕೆಳಗೆ ತಳ್ಳಿದಳು. ಮಗುವಿನ ಅಳು ನಿಲ್ಲಲಿಲ್ಲ. ತಾನು ಹೀಗೆ ಬುಟ್ಟಿ ಮುಚ್ಚಿ ಕೂತದ್ದನ್ನು ಯಾವ ಬಾಯಲ್ಲಿ ಅವ್ವನಿಗೆ ಹೇಳುವುದು ಅನ್ನಿಸಿತು. ಅವ್ವ ಕೇಳದೆ ಬಿಡುವವಳಲ್ಲ.

ಎದ್ದಳು. ಬುಟ್ಟಿ ಹಿಡಿದು ಸೊಂಟ ಬಗ್ಗಿಸಿದಳು. "ತುಲೋ." ಮೊದಲ ಪಾನಿಕೇಕೆ ಮಗುವಿನ ಕೈಗೆ ಹೋಯಿತು.

"ಮೇಡಮ್!" ಡಂಕನ್ ಓಡಿಬಂದ. "ನಿಮ್ಮ ಹೆಸರು ಬರ್ಕೋತೀನಿ!"

"ಬರ್ಕೋಪ್ಪ. ವಾಯೋಲಾ. ಊರಿನ ಹೆಸ್ರೂ ಹೇಳ್ಲಾ? ನಾನೇನು ಕದ್ದು ಮಾರ್ತಿದ್ದೀನಾ? ಮಗು ಹಸಿದಾಗ ಬೆಲೆ ತೋರ್ಸೋರು ನೀವು, ಕೆಳಗಿಳೀಬೇಕಾದೋಳು ನಾನಾ?"

"ನಿಯಮ ನಂದಲ್ಲ ಮೇಡಮ್."

"ಪಾನಿಕೇಕೆ ನಂದು. ದಾರಿ ಬಿಡು."

ಬಗ್ಗಿದ ಹೆಂಗಸನ್ನು ತಡೆಯುವುದು ಹೇಗೆಂದು ಅವನಿಗೂ ತಿಳಿಯಲಿಲ್ಲ. ಅವನು ಹಿಂದೆ ಹಿಂದೆ ಸರಿದಂತೆ ಅವಳು ಸಾಲು ಸಾಲಿಗೂ ಕೊಡುತ್ತ ಮುಂದೆ ಮುಂದೆ ಬಂದಳು. ಅವನು ಫೋನೆತ್ತಿ ಪೈಲಟ್ಟಿಗೆ ಹೇಳುವುದಕ್ಕೂ ಹಾರಲು ಅಪ್ಪಣೆ ಸಿಗುವುದಕ್ಕೂ ಸರಿಹೋಯಿತು. ಈಗ ಬಾಗಿಲು ತೆರೆದರೆ ಮತ್ತೆ ಕಾಯಬೇಕು, ಪೈಲಟ್ ಒಪ್ಪಲಿಲ್ಲ. ಅಗ್ಗದ ವಿಮಾನಕ್ಕೆ ಕಾಯುವುದೂ ದುಬಾರಿ. ವಾಯೋಲಾ ಬಂದು ಬೆಲ್ಟ್ ಬಿಗಿದುಕೊಂಡಳು. ಸುಲು ಬೆವರು ಒರೆಸಿಕೊಳ್ಳುತ್ತ ತನ್ನ ಪಾಲಿಗೆ ಕೈ ಚಾಚಿದಳು.

ಆಪಿಯಾ ಹತ್ತಿರವಾದಾಗ ಡಂಕನ್ ಕಾಗದ ಹಿಡಿದು ಬಂದ. ಕಣ್ಣು ಒಳಗೆ ಹೋಗಿತ್ತು. ವಾಯೋಲಾ ಅವನ ಮುಖವನ್ನೇ ನೋಡಿದಳು.

"ನೀನೇನು ತಿಂದೆ?"

"ನಮ್ಗೂ ಗಾಡೀಲಿ ದುಡ್ಡು ಕೊಟ್ಟೇ ತಗೋಬೇಕು ಮೇಡಮ್. ಮನೆಗೆ ಹೋಗಿ ತಿಂತೀನಿ."

ಬುಟ್ಟಿಯಲ್ಲಿ ಉಳಿದದ್ದು ಬಟ್ಟೆಯ ಗಂಟು ಮಾತ್ರ. ಸುಲು ತಟ್ಟನೆ ಅದರ ಮೇಲೆ ಕೈಯಿಟ್ಟಳು. "ಅತ್ತಿಗೆ, ಅದು ಅವ್ವಂದು!" ವಾಯೋಲಾ ಅವಳ ಕೈ ಸರಿಸಿ, ಗಂಟನ್ನು ಬಿಚ್ಚದೆ ಇಡಿಯಾಗಿ ಅವನಿಗೆ ಕೊಟ್ಟಳು. "ನಿನ್ನ ಜೊತೆಯವರಿಗೂ ಕೊಡು, ಒಬ್ನೇ ತಿನ್ಬೇಡ." ಡಂಕನ್ ಆಚೀಚೆ ನೋಡಿ ಪರದೆಯ ಹಿಂದೆ ಹೋದ. ತಿಂದದ್ದೂ ಆಯಿತು, ಬಂದು ಅವಳ ಹೆಸರು ಬರೆದುಕೊಂಡದ್ದೂ ಆಯಿತು.

ದೋಣಿಯಲ್ಲಿ ಕಡಲು ದಾಟಿ ಮನೆ ಮುಟ್ಟಿದಾಗ ಫುಆತಿನೊ ಚಾಪೆಯ ಮೇಲೆ ಮಲಗಿದ್ದಳು, ಕಣ್ಣು ಮಂಜಾಗಿತ್ತು. ವಾಯೋಲಾ ಬರಿ ಬುಟ್ಟಿಯನ್ನು ಅವಳ ಪಕ್ಕದಲ್ಲೇ ಇಟ್ಟಳು. ಈ ಸಲ ತಲೆ ತಗ್ಗಿಸಲಿಲ್ಲ. ಮುದುಕಿ ಕೈ ಹಾಕಿ ತಡವಿದಳು. ತಳದಲ್ಲಿದ್ದ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕಿದಳು.

"ಎಲ್ರಿಗೂ ಸಾಕಾಯ್ತಾ?"

"ಆಯ್ತು ಅವ್ವ. ಬಯ್ದೋನಿಗೂ ಕೊಟ್ಟೆ. ಇನ್ಮೇಲೆ ಹತ್ಸಲ್ವಂತೆ, ಹೆಸರು ಬರ್ಕೊಂಡ್ರು."

ಮುದುಕಿ ಮೊಣಕೈಯೂರಿ ಎದ್ದು ಕೂತಳು. ಊಟ ಬಿಟ್ಟವಳ ಕಣ್ಣಲ್ಲಿ ಹಳೆಯ ನಗು ಕಾಣಿಸಿತು.

"ಬಾಳೆಗೊನೆ ಹಣ್ಣಾಗಿದೆ, ಒಲೆ ಹಚ್ಚು. ಮೊದ್ಲು ನಂಗೆ ಕರಿ. ಹೋಗೋವಾಗ ಎರಡು ಬುಟ್ಟಿ ತಗೊಂಡು ಹೋಗು. ಹತ್ಸಲಿಲ್ವಾ, ವಿಮಾನದ ಬಾಗ್ಲಲ್ಲೇ ಕೂತು ಹಂಚು. ನಾಚ್ಕೆ ಯಾರಿಗಾಗುತ್ತೆ ನೋಡೇಬಿಡೋಣ."